ಹಿರಿಯರ ತಪ್ಪು, ನಮ್ಮ ಹೊಣೆ

ಬೇರೊಬ್ಬರು ಮಾಡಿದ ತಪ್ಪಿಗೆ ನಾವು ಅಪರಾಧಿಗಳಾಗುತ್ತೇವೆಯೇ? ಮಿಂಬರಿನಿಂದ ಇಳಿದ ಮೇಲೆ ಇಮಾಮರಾದವರಿಗೆ ಆಗಾಗ ಎದುರಾಗುವ ಪ್ರಶ್ನೆಯಿದು. ಆದರೆ ಕೇಳುವವರ ಮಾತು ಬೇರೆ ಬೇರೆಯಾಗಿರುತ್ತದೆ. ಕಾಲೇಜಿಗೆ ಹೋಗುವ ಹುಡುಗ ಕೇಳುತ್ತಾನೆ: "ಎಲ್ಲೋ ದೂರದಲ್ಲಿ ಯಾರೋ ಬಾಂಬ್ ಹಾಕಿದರೆ ಸಹಪಾಠಿಗಳು ನನ್ನ ಮುಖ ನೋಡುತ್ತಾರೆ. ನಾನು ತಲೆ ತಗ್ಗಿಸಬೇಕೇ ಹಝ್ರತ್?" ನಡುವಯಸ್ಸಿನವರು ಪಕ್ಕಕ್ಕೆ ಕರೆದು ಕೇಳುತ್ತಾರೆ: "ನಮ್ಮ ಅಬ್ಬಾ ತಂಗಿಯರಿಗೆ ಪಾಲು ಕೊಡದೆ ಹೊಲವನ್ನೆಲ್ಲ ತಮ್ಮ ಹೆಸರಿಗೆ ಮಾಡಿಕೊಂಡರು. ಅವರು ತೀರಿಹೋದರು. ಈಗ ಪಹಣಿಯಲ್ಲಿ ನನ್ನ ಹೆಸರಿದೆ. ಪಾಪ ಯಾರದು?" ತಾಯಿಯೊಬ್ಬಳು ಮನೆಯವರ ಮೂಲಕ ಕೇಳಿಸುತ್ತಾಳೆ: "ಬೆಳೆದ ಮಗ ದಾರಿ ತಪ್ಪಿದ್ದಾನೆ. ಅಲ್ಲಾಹನ ಮುಂದೆ ನಾನೇ ತಪ್ಪಿತಸ್ಥೆಯೇ?"

ಈ ಮೂರು ಪ್ರಶ್ನೆಗಳಿಗೂ ಒಂದೇ ಮಾತಿನಲ್ಲಿ "ಹೌದು" ಅಥವಾ "ಅಲ್ಲ" ಎಂದರೆ ಅನ್ಯಾಯವಾದೀತು. ಪಾಪ ಬೇರೆ, ಹೊಣೆ ಬೇರೆ. ಪಾಪವೆಂಬುದು ಮಾಡಿದವನ ಕೊರಳಿಗೇ ಅಂಟಿಕೊಂಡಿರುತ್ತದೆ. ಹೊಣೆ ಮಾತ್ರ ಕೆಲವೊಮ್ಮೆ ಮಾಡದವನ ಬಾಗಿಲಿಗೂ ಬಂದು ನಿಲ್ಲುತ್ತದೆ. ಇವೆರಡನ್ನೂ ಬೇರ್ಪಡಿಸಿ ನೋಡುವುದನ್ನು ನಮ್ಮ ಇತಿಹಾಸದ ಕೆಲವು ಘಟನೆಗಳು ಚೆನ್ನಾಗಿ ಕಲಿಸಿಕೊಡುತ್ತವೆ.

ಜಾಹಿಲಿಯ್ಯತ್ ಕಾಲದ ಲೆಕ್ಕ

ಇಸ್ಲಾಮಿಗೆ ಮುಂಚಿನ ಅರಬರಲ್ಲಿ ಅಪರಾಧಕ್ಕೆ ವ್ಯಕ್ತಿಯ ಹೆಸರಿರಲಿಲ್ಲ, ಗೋತ್ರದ ಹೆಸರಿತ್ತು. ಒಂದು ಗೋತ್ರದವನು ಕೊಂದರೆ ಆ ಗೋತ್ರದ ಯಾರನ್ನು ಬೇಕಾದರೂ ಕೊಲ್ಲಬಹುದಿತ್ತು. ಕೊಂದವನು ಸಾಧಾರಣ ಮನುಷ್ಯನಾಗಿದ್ದರೆ ಅವನನ್ನು ಬಿಟ್ಟು ಅವನ ಗೋತ್ರದ ಒಬ್ಬ ಗಣ್ಯನನ್ನು ಹುಡುಕಿ ಕೊಲ್ಲುವುದೇ ಮರ್ಯಾದೆ ಎನಿಸಿಕೊಳ್ಳುತ್ತಿತ್ತು.

ಬಸೂಸ್ ಯುದ್ಧದ ಕತೆ ಅರಬರಲ್ಲಿ ಮನೆಮಾತು. ಬಕ್ರ್ ಮತ್ತು ತಗ್ಲಿಬ್ ಎಂಬ ಎರಡು ಸೋದರ ಗೋತ್ರಗಳು. ತಗ್ಲಿಬ್ ಗೋತ್ರದ ಮುಖಂಡ ಕುಲೈಬ್ ಒಂದು ಹೆಣ್ಣೊಂಟೆಗೆ ಬಾಣ ಬಿಟ್ಟ. ಬಸೂಸ್ ಎಂಬ ಮಹಿಳೆಯ ಆಶ್ರಯದಲ್ಲಿದ್ದವನ ಒಂಟೆಯದು. ಆಕೆಯ ಸಂಬಂಧಿ ಜಸ್ಸಾಸ್ ಸಿಟ್ಟಿನಿಂದ ಕುಲೈಬನನ್ನೇ ಕೊಂದ. ಅಲ್ಲಿಂದ ಆರಂಭವಾದ ಹಗೆ ಸುಮಾರು 40 ವರ್ಷ ನಡೆಯಿತೆಂದು ಅರಬರ ಐತಿಹ್ಯ ಹೇಳುತ್ತದೆ. ಬಕ್ರ್ ಗೋತ್ರದ ಹಾರಿಸ್ ಬಿನ್ ಉಬಾದ್ ಎಂಬವನು ಈ ಯುದ್ಧ ತನ್ನದಲ್ಲವೆಂದು ದೂರ ಉಳಿದಿದ್ದ. ಆದರೂ ಕುಲೈಬನ ಸಹೋದರ ಮುಹಲ್‌ಹಿಲ್, ಹಾರಿಸನ ಮನೆಯ ಹುಡುಗ ಬುಜೈರ್‌ನನ್ನು ಕೊಂದುಬಿಟ್ಟ. ಅಷ್ಟೇ ಅಲ್ಲ, ಈ ಹುಡುಗನ ಜೀವ ತನ್ನ ಅಣ್ಣನ ಚಪ್ಪಲಿಯ ಬಾರಿಗೆ ಮಾತ್ರ ಸಮವೆಂದ. ಅಲ್ಲಿಯವರೆಗೆ ಶಾಂತನಾಗಿದ್ದ ಹಾರಿಸನೂ ಕೊನೆಗೆ ಕತ್ತಿ ಹಿಡಿದ. ಬುಜೈರ್ ಮಾಡಿದ ತಪ್ಪೇನು? ಅವನು ಬಕ್ರ್ ಗೋತ್ರದಲ್ಲಿ ಹುಟ್ಟಿದ್ದ, ಅಷ್ಟೆ.

ಇಂಥ ಸಮಾಜದ ನಡುವೆ ಪವಿತ್ರ ಕುರ್‌ಆನ್ ಹೊಸದೊಂದು ಲೆಕ್ಕವನ್ನು ತಂದಿತು. ಹೊರೆ ಹೊತ್ತ ಯಾವ ಜೀವವೂ ಮತ್ತೊಂದರ ಹೊರೆಯನ್ನು ಹೊರದು ಎಂಬ ತತ್ವವನ್ನು ಅದು ಐದು ಕಡೆಗಳಲ್ಲಿ ಸಾರಿತು: ಅಲ್ ಅನ್‌ಆಮ್, ಅಲ್ ಇಸ್ರಾ, ಫಾತಿರ್, ಅಝ್ಝುಮರ್ ಮತ್ತು ಅನ್ನಜ್ಮ್ ಸೂರಾಗಳಲ್ಲಿ. ಇದು ಹೊಸ ಮಾತೂ ಅಲ್ಲ, ಇಬ್ರಾಹೀಮ್(ಅ) ಮತ್ತು ಮೂಸಾ(ಅ)ರ ಗ್ರಂಥಗಳಲ್ಲೇ ಇದ್ದ ಮಾತು ಎಂದು ಅನ್ನಜ್ಮ್ ಸೂರಾ ನೆನಪಿಸುತ್ತದೆ. ಭಾರದಿಂದ ಬಾಗಿದವನು ಹತ್ತಿರದ ಬಂಧುವನ್ನೇ ಕರೆದರೂ ಆ ಭಾರದಿಂದ ಒಂದಿಷ್ಟೂ ಎತ್ತಲಾಗದು ಎಂದು ಫಾತಿರ್ ಸೂರಾ ತಿಳಿಸುತ್ತದೆ. ಗತಿಸಿಹೋದ ಸಮುದಾಯದ ಗಳಿಕೆ ಅದಕ್ಕೆ, ನಿಮ್ಮ ಗಳಿಕೆ ನಿಮಗೆ, ಅವರೇನು ಮಾಡುತ್ತಿದ್ದರೆಂದು ನಿಮ್ಮನ್ನು ವಿಚಾರಿಸಲಾಗದು ಎಂಬ ಅರ್ಥದ ಮಾತು ಅಲ್ ಬಕರಾದಲ್ಲಿ ಎರಡು ಬಾರಿ ಬಂದಿದೆ. ಈ ಮಾತಿಗೆ ಎರಡು ಅಂಚುಗಳಿವೆ. ಹಿರಿಯರ ಪಾಪ ನಮಗಿಲ್ಲ, ಸರಿ. ಹಿರಿಯರ ಪುಣ್ಯದ ಹೆಸರು ಹೇಳಿ ಕೂರುವಂತೆಯೂ ಇಲ್ಲ.

ಅಬೂ ರಿಮ್ಸಾ(ರ) ಎಂಬ ಸಹಾಬಿ ಚಿಕ್ಕವರಾಗಿದ್ದಾಗ ತಂದೆಯೊಡನೆ ಪ್ರವಾದಿವರ್ಯರ(ಸ) ಸನ್ನಿಧಿಗೆ ಬಂದಿದ್ದರು. ಇವನು ನಿನ್ನ ಮಗನೇ ಎಂದು ಪ್ರವಾದಿ(ಸ) ಕೇಳಿದರು. ತಂದೆ ಹೌದೆಂದು ಆಣೆಯಿಟ್ಟು ಹೇಳಿದಾಗ ಪ್ರವಾದಿ(ಸ) ಮುಗುಳ್ನಕ್ಕರು. ಹುಡುಗ ತಂದೆಯನ್ನೇ ಹೋಲುತ್ತಿದ್ದ, ಮೇಲೆ ಆಣೆ ಬೇರೆ! ಬಳಿಕ ಇವನ ಅಪರಾಧಕ್ಕೆ ನೀನು ಹೊಣೆಯಲ್ಲ, ನಿನ್ನ ಅಪರಾಧಕ್ಕೆ ಇವನು ಹೊಣೆಯಲ್ಲ ಎಂದು ತಿಳಿಸಿ ಹೊರೆಯ ಕುರಿತಾದ ಆ ಸೂಕ್ತವನ್ನು ಓದಿದರು. ಅಬೂದಾವೂದ್ ಗ್ರಂಥದಲ್ಲಿ ಈ ವರದಿಯಿದೆ. ಮುಖ ತಂದೆಯದೇ ಆಗಿರಬಹುದು, ಅಪರಾಧದ ಪಟ್ಟಿ ಮಾತ್ರ ಬೇರೆ ಬೇರೆ.

ಹಿಜರಿ 10ರಲ್ಲಿ ಅರಫಾದ ಬಯಲಿನಲ್ಲಿ ವಿದಾಯ ಭಾಷಣ ಮಾಡಿದಾಗ ಪ್ರವಾದಿವರ್ಯರು(ಸ) ಜಾಹಿಲಿಯ್ಯತ್ ಕಾಲದ ಎಲ್ಲ ರಕ್ತದ ಸೇಡುಗಳನ್ನು ರದ್ದುಗೊಳಿಸಿದರು. ಮೊದಲು ರದ್ದಾದದ್ದು ಯಾರ ಸೇಡು? ಅವರದೇ ಮನೆತನದ್ದು. ದೊಡ್ಡಪ್ಪನ ಮಗ ರಬೀಆ ಬಿನ್ ಹಾರಿಸ್‌ರ ಕೂಸನ್ನು ಹುಝೈಲ್ ಗೋತ್ರದವರು ಕೊಂದಿದ್ದರು. ಆ ಸೇಡನ್ನೇ ಮೊದಲು ಬಿಟ್ಟುಕೊಟ್ಟರು. ಬಡ್ಡಿಯನ್ನು ರದ್ದುಗೊಳಿಸಿದಾಗಲೂ ಮೊದಲು ರದ್ದಾದದ್ದು ಚಿಕ್ಕಪ್ಪ ಅಬ್ಬಾಸ್(ರ)ರಿಗೆ ಬರಬೇಕಾಗಿದ್ದ ಬಡ್ಡಿ. ಸುಧಾರಣೆ ತನ್ನ ಮನೆಯ ಹೊಸ್ತಿಲಿನಿಂದ ಆರಂಭವಾಗಬೇಕೆಂಬ ಈ ಪಾಠವನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದೆ ಇದೇ ಪಾಠ ಮತ್ತೊಮ್ಮೆ ಬರಲಿದೆ.

ಅಬೂಜಹಲನ ಮಗ

ಮಕ್ಕಾದ ಮುಸ್ಲಿಮರಿಗೆ ಅಬೂಜಹಲ್ ಕೊಟ್ಟ ಹಿಂಸೆ ನಮ್ಮ ಮಕ್ಕಳಿಗೂ ಗೊತ್ತು. ಹಿಜರಿ 2ರ ಬದ್ರ್ ಯುದ್ಧದಲ್ಲಿ ಅವನು ಹತನಾದ. ಅವನ ಮಗ ಇಕ್ರಿಮಾ ಕೂಡ ಮುಸ್ಲಿಮರ ವಿರುದ್ಧ ಹೋರಾಡಿದವರೇ. ಹಿಜರಿ 8ರಲ್ಲಿ ಮಕ್ಕಾ ವಿಜಯವಾದಾಗ ಅವರು ಯಮನ್ ಕಡೆಗೆ ಓಡಿಹೋದರು. ಅವರ ಪತ್ನಿ ಉಮ್ಮು ಹಕೀಮ್(ರ) ಪ್ರವಾದಿವರ್ಯರಿಂದ(ಸ) ಅಭಯ ಪಡೆದು, ಹಿಂದೆಯೇ ಹೋಗಿ ಪತಿಯನ್ನು ಕರೆತಂದರು.

ಇಕ್ರಿಮಾ ಬರುತ್ತಿದ್ದಾರೆಂದು ತಿಳಿದಾಗ ಪ್ರವಾದಿ(ಸ) ಸಂಗಡಿಗರಿಗೆ ಕೊಟ್ಟ ಸೂಚನೆಯೊಂದನ್ನು ಸೀರಾ ಗ್ರಂಥಗಳು ಉಲ್ಲೇಖಿಸುತ್ತವೆ. ಅವರ ತಂದೆಯನ್ನು ಅವರೆದುರು ಬಯ್ಯಬೇಡಿ; ಸತ್ತವನನ್ನು ಬಯ್ದರೆ ಅದು ಅವನಿಗೆ ತಲುಪುವುದಿಲ್ಲ, ಬದುಕಿರುವವನಿಗೆ ನೋವಾಗುತ್ತದೆ ಎಂಬುದು ಅದರ ತಾತ್ಪರ್ಯ. ಸ್ವಲ್ಪ ಯೋಚಿಸಿ. ಅಬೂಜಹಲ್ ಮಾಡಿದ್ದು ತಪ್ಪಲ್ಲವೆಂದು ಪ್ರವಾದಿ(ಸ) ಹೇಳಲಿಲ್ಲ. ಅವನ ಅಪರಾಧವನ್ನು ಯಾರೂ ಮುಚ್ಚಿಡಲಿಲ್ಲ, ಇಂದಿಗೂ ನಾವು ಅದನ್ನು ಓದುತ್ತೇವೆ. ಆದರೆ ಆ ಅಪರಾಧವನ್ನು ಮಗನ ಮುಖಕ್ಕೆ ಎಸೆಯುವುದನ್ನು ತಡೆದರು. ಇಕ್ರಿಮಾ(ರ) ತಮ್ಮ ಹಿಂದಿನ ಕೃತ್ಯಗಳಿಗಾಗಿ ತಾವೇ ಪಶ್ಚಾತ್ತಾಪಪಟ್ಟರು, ತಂದೆಯ ಕೃತ್ಯಗಳಿಗೆ ಯಾರೂ ಅವರಿಂದ ಕ್ಷಮೆ ಕೇಳಿಸಲಿಲ್ಲ. ಮುಂದೆ ಅವರು ಶಾಮ್ ಪ್ರದೇಶದ ಯುದ್ಧಭೂಮಿಯಲ್ಲಿ ಹುತಾತ್ಮರಾದರು.

ಪಾಪವಿಲ್ಲ, ಆದರೂ ಪರಿಹಾರ

ಅದೇ ಹಿಜರಿ 8ರ ಶವ್ವಾಲ್ ತಿಂಗಳಲ್ಲಿ ಇನ್ನೊಂದು ಘಟನೆ ನಡೆಯಿತು. ಬನೂ ಜಝೀಮಾ ಎಂಬ ಗೋತ್ರವನ್ನು ಇಸ್ಲಾಮಿಗೆ ಆಹ್ವಾನಿಸಲು ಪ್ರವಾದಿ(ಸ) ಖಾಲಿದ್ ಬಿನ್ ವಲೀದ್(ರ)ರನ್ನು ಕಳುಹಿಸಿದರು. ಯುದ್ಧಕ್ಕೆಂದು ಕಳುಹಿಸಿರಲಿಲ್ಲ. ಆ ಜನರಿಗೆ "ನಾವು ಇಸ್ಲಾಮ್ ಸ್ವೀಕರಿಸಿದೆವು" ಎಂದು ಸರಿಯಾಗಿ ಹೇಳಲು ಬರಲಿಲ್ಲ. "ನಾವು ಧರ್ಮ ಬಿಟ್ಟೆವು" ಎಂಬರ್ಥದ ಬೇರೆ ಪದ ಬಳಸಿದರು. ಖಾಲಿದ್(ರ) ಅದನ್ನು ಒಪ್ಪದೆ ಕೆಲವರನ್ನು ವಧಿಸಿದರು, ಕೆಲವರನ್ನು ಸೆರೆಹಿಡಿದರು. ಸೆರೆಯಾಳುಗಳನ್ನು ಕೊಲ್ಲಬೇಕೆಂಬ ಅವರ ಆಜ್ಞೆಯನ್ನು ಅಬ್ದುಲ್ಲಾಹ್ ಬಿನ್ ಉಮರ್(ರ) ಪಾಲಿಸಲು ನಿರಾಕರಿಸಿದರು. ಉಲಮಾಗಳು ಇದನ್ನು ಖಾಲಿದ್(ರ)ರ ಇಜ್ತಿಹಾದಿನಲ್ಲಾದ ತಪ್ಪೆಂದು ವಿವರಿಸಿದ್ದಾರೆ. ಆದರೆ ತಪ್ಪು ತಪ್ಪೇ, ಹೋದ ಜೀವ ಹೋದದ್ದೇ.

ಸುದ್ದಿ ತಿಳಿದಾಗ ಪ್ರವಾದಿವರ್ಯರು(ಸ) ಕೈಗಳನ್ನೆತ್ತಿ, ಖಾಲಿದ್ ಮಾಡಿದ್ದರಿಂದ ತಾನು ಮುಕ್ತನೆಂದು ಅಲ್ಲಾಹನ ಮುಂದೆ ಎರಡು ಬಾರಿ ಹೇಳಿದರು. ಬುಖಾರಿಯಲ್ಲಿ ಇದು ವರದಿಯಾಗಿದೆ. ಅಂದರೆ ಪಾಪ ತನ್ನದಲ್ಲವೆಂದು ಸ್ಪಷ್ಟವಾಗಿ ಹೇಳಿದರು. ನಮ್ಮಲ್ಲಿ ಅನೇಕರಾಗಿದ್ದರೆ ಅಲ್ಲಿಗೇ ಮಾತು ಮುಗಿಸುತ್ತಿದ್ದೆವು. "ನಾನು ಹೇಳಿರಲಿಲ್ಲ, ನನಗೆ ಸಂಬಂಧವಿಲ್ಲ" ಎಂದು ಕೈ ತೊಳೆದುಕೊಳ್ಳುತ್ತಿದ್ದೆವು.

ಪ್ರವಾದಿ(ಸ) ಹಾಗೆ ಮಾಡಲಿಲ್ಲ. ಇಬ್ನು ಇಸ್‌ಹಾಕ್‌ರ ಸೀರಾದಲ್ಲಿರುವಂತೆ, ಅವರು ಅಲಿ(ರ)ಯವರ ಕೈಗೆ ಹಣ ಕೊಟ್ಟು ಆ ಗೋತ್ರದವರಲ್ಲಿಗೆ ಕಳುಹಿಸಿದರು. ಅಲಿ(ರ) ಸತ್ತ ಪ್ರತಿಯೊಬ್ಬನ ರಕ್ತ ಪರಿಹಾರವನ್ನು ಕೊಟ್ಟರು. ನಷ್ಟವಾದ ಸೊತ್ತಿಗೆ ಬೆಲೆ ಕೊಟ್ಟರು. ನಾಯಿ ನೀರು ಕುಡಿಯುವ ಮರದ ಬೋಗುಣಿಗೂ ಬೆಲೆ ಕಟ್ಟಿ ಕೊಟ್ಟರು. ಇನ್ನೇನಾದರೂ ಬಾಕಿ ಉಳಿದಿದೆಯೇ ಎಂದು ಕೇಳಿದರು. ಇಲ್ಲವೆಂದಾಗ, ನಮಗೂ ನಿಮಗೂ ತಿಳಿಯದೆ ಉಳಿದ ನಷ್ಟಕ್ಕಿರಲಿ ಎಂದು ಮಿಕ್ಕ ಹಣವನ್ನೂ ಅವರಿಗೇ ಕೊಟ್ಟು ಬಂದರು. ಪ್ರವಾದಿ(ಸ) ಅದನ್ನು ಕೇಳಿ ಮೆಚ್ಚಿಕೊಂಡರು.

ನಾನು ಮಾಡಿಲ್ಲ ಎಂಬುದು ಅಲ್ಲಾಹನೊಡನೆ ಆಡುವ ಮಾತು. ನೊಂದವನ ಎದುರಿಗೆ ಹೋದಾಗ ಕೇಳಬೇಕಾದ ಪ್ರಶ್ನೆ ಬೇರೆ: ನಿನಗಾದ ನಷ್ಟವೆಷ್ಟು, ಅದನ್ನು ತುಂಬಿಕೊಡುವ ಶಕ್ತಿ ನನ್ನಲ್ಲಿದೆಯೇ? ಇಸ್ಲಾಮೀ ಕಾನೂನಿನಲ್ಲಿ ಆಕಿಲಾ ಎಂಬ ನಿಯಮವೂ ಹೀಗೆಯೇ ಇದೆ. ಒಬ್ಬನ ಕೈಯಿಂದ ಉದ್ದೇಶವಿಲ್ಲದೆ ಪ್ರಾಣಹಾನಿಯಾದರೆ ರಕ್ತ ಪರಿಹಾರವನ್ನು ಅವನ ಬಂಧುವರ್ಗ ಹಂಚಿಕೊಂಡು ಕೊಡುತ್ತದೆ. ಬಂಧುಗಳಿಗೆ ಪಾಪವೇನೂ ಇಲ್ಲ. ಸತ್ತವನ ಮನೆಯವರು ಬರಿಗೈಯಲ್ಲಿ ಉಳಿಯಬಾರದು ಎಂಬುದಷ್ಟೇ ಅದರ ಉದ್ದೇಶ.

ಕತ್ತರಿ ಹಿಡಿದ ಖಲೀಫ

ಈಗ ನಮ್ಮ ವಿಷಯಕ್ಕೆ ತೀರಾ ಹತ್ತಿರದ ಚರಿತ್ರೆಗೆ ಬರೋಣ. ಹಿಜರಿ 99ರಲ್ಲಿ, ಅಂದರೆ ಕ್ರಿ.ಶ. 717ರಲ್ಲಿ, ಉಮರ್ ಬಿನ್ ಅಬ್ದುಲ್ ಅಝೀಝ್(ರಹ) ಖಲೀಫರಾದರು. ಅವರು ಉಮವೀ ರಾಜಮನೆತನದವರು, ಮರ್ವಾನ್ ಬಿನ್ ಹಕಮ್‌ನ ಮೊಮ್ಮಗ. ತಾಯಿಯ ಕಡೆಯಿಂದ ಉಮರ್ ಬಿನ್ ಖತ್ತಾಬ್(ರ)ರ ಸಂತತಿ. ಅವರಿಗಿಂತ ಮುಂಚಿನ ದಶಕಗಳಲ್ಲಿ ಮನೆತನದವರು ಬೈತುಲ್ ಮಾಲಿನಿಂದ, ಜನರ ಕೈಯಿಂದ ಅನೇಕ ಜಮೀನು, ತೋಟ, ಸೊತ್ತುಗಳನ್ನು ತಮ್ಮದಾಗಿಸಿಕೊಂಡಿದ್ದರು. ಉಮರ್ ಅವುಗಳನ್ನು ಕಸಿದುಕೊಂಡವರಲ್ಲ. ಹುಟ್ಟಿದ ಮನೆಯಿಂದಾಗಿ ಅವರಿಗೂ ಅದರಲ್ಲಿ ಪಾಲು ಬಂದಿತ್ತು.

ಹಿಂದಿನ ಖಲೀಫ ಸುಲೈಮಾನರ ದಫನ ಮುಗಿಸಿ ದಣಿದು ಬಂದ ಉಮರ್ ಸ್ವಲ್ಪ ಮಲಗಲು ಹೊರಟರು. ಆಗ ಮಗ ಅಬ್ದುಲ್ ಮಲಿಕ್ ಬಂದು, ಅನ್ಯಾಯವಾಗಿ ಪಡೆದ ಸೊತ್ತುಗಳನ್ನು ಹಿಂದಿರುಗಿಸುವ ಮೊದಲೇ ಮಲಗುವಿರಾ ಎಂದು ಕೇಳಿದ. ಝುಹರ್ ನಮಾಝ್ ಆದ ಮೇಲೆ ನೋಡೋಣ ಮಗನೇ ಎಂದರು ತಂದೆ. ಝುಹರ್‌ವರೆಗೆ ನೀವು ಬದುಕಿರುವಿರೆಂದು ಖಾತ್ರಿ ಕೊಟ್ಟವರು ಯಾರು ಎಂದು ಮಗ ಕೇಳಿದ. ಇಂಥ ಮಗನನ್ನು ಕೊಟ್ಟ ಅಲ್ಲಾಹನನ್ನು ಸ್ತುತಿಸುತ್ತಾ ಉಮರ್ ಎದ್ದು ಹೊರಟರು.

ಅವರು ಮೊದಲು ಕೈ ಹಾಕಿದ್ದು ತಮ್ಮದೇ ಆಸ್ತಿಗೆ. ಸೇವಕ ಮುಝಾಹಿಮ್ ಒಂದೊಂದೇ ದಾಖಲೆಯನ್ನು ಓದುತ್ತಿದ್ದ, ಉಮರ್ ಅದನ್ನು ಕತ್ತರಿಯಿಂದ ಕತ್ತರಿಸುತ್ತಾ ಹೋದರು ಎಂದು ಚರಿತ್ರೆಕಾರರು ಬರೆದಿದ್ದಾರೆ. ನಿಮ್ಮ ಮಕ್ಕಳ ಗತಿಯೇನು ಎಂದು ಮುಝಾಹಿಮ್ ಕೇಳಿದಾಗ ಕಣ್ಣೀರು ಹಾಕಿ, ಅವರನ್ನು ಅಲ್ಲಾಹನಿಗೆ ಒಪ್ಪಿಸುತ್ತೇನೆ ಎಂದರು. ಅಜ್ಜ ಮರ್ವಾನ್‌ನ ಮೂಲಕ ಮನೆತನಕ್ಕೆ ಬಂದಿದ್ದ ಫದಕ್ ತೋಟವನ್ನು ಪ್ರವಾದಿವರ್ಯರ(ಸ) ಕಾಲದಲ್ಲಿದ್ದ ಸ್ಥಿತಿಗೆ ತಂದರು. ಪತ್ನಿ ಫಾತಿಮಾರ ಒಡವೆಗಳು ಆಕೆಯ ತಂದೆ ಖಲೀಫ ಅಬ್ದುಲ್ ಮಲಿಕ್ ಕೊಟ್ಟವು. ಅವು ಬೈತುಲ್ ಮಾಲಿಗೆ ಸೇರಬೇಕು, ಇಲ್ಲವೇ ನಾವಿಬ್ಬರು ಬೇರೆಯಾಗಬೇಕು ಎಂದಾಗ ಆ ಮಹಾತಾಯಿ ಒಡವೆಗಳನ್ನೇ ಬಿಟ್ಟುಕೊಟ್ಟರು. ಪತಿಯ ಮರಣಾನಂತರ ಹೊಸ ಖಲೀಫನಾದ ಆಕೆಯ ಸಹೋದರ ಯಝೀದ್ ಅವುಗಳನ್ನು ಹಿಂದಿರುಗಿಸಲು ಮುಂದಾದಾಗಲೂ ಆಕೆ ಮುಟ್ಟಲಿಲ್ಲ.

ತಮ್ಮ ಮನೆ ಶುದ್ಧವಾದ ಮೇಲೆಯೇ ಉಮರ್ ಬಂಧುಗಳ ಕಡೆ ತಿರುಗಿದರು. ಹಿಮ್ಸ್‌ನಿಂದ ಒಬ್ಬ ಮುಸ್ಲಿಮೇತರ ವೃದ್ಧ ಬಂದು, ಖಲೀಫ ವಲೀದನ ಮಗ ಅಬ್ಬಾಸ್ ತನ್ನ ಜಮೀನನ್ನು ಕಸಿದುಕೊಂಡಿದ್ದಾನೆಂದು ದೂರಿದ. ಅಬ್ಬಾಸ್ ಅಲ್ಲೇ ಕುಳಿತಿದ್ದ. "ಇದನ್ನು ನನ್ನ ತಂದೆ ನನಗೆ ಕೊಟ್ಟಿದ್ದಾರೆ, ಅವರು ಬರೆದುಕೊಟ್ಟ ಪತ್ರವೂ ಇದೆ" ಎಂದ. ವೃದ್ಧ ತಾನು ಅಲ್ಲಾಹನ ಗ್ರಂಥದ ತೀರ್ಪನ್ನು ಕೇಳುತ್ತಿದ್ದೇನೆ ಎಂದ. ವಲೀದನ ಪತ್ರಕ್ಕಿಂತ ಅಲ್ಲಾಹನ ಗ್ರಂಥ ಪಾಲಿಸಲು ಅರ್ಹವಾದದ್ದು, ಜಮೀನನ್ನು ಬಿಟ್ಟುಕೊಡು ಎಂದು ಉಮರ್ ಆಜ್ಞಾಪಿಸಿದರು.

ಇಲ್ಲಿ ಅಬ್ಬಾಸ್ ಹೇಳಿದ್ದು ಸುಳ್ಳಲ್ಲ. ಪತ್ರ ಇತ್ತು, ತಂದೆ ಕೊಟ್ಟದ್ದೂ ನಿಜ. ಇಂದು ನಮ್ಮ ಮನೆಗಳಲ್ಲಿ ಕೇಳಿಬರುವ ಮಾತೂ ಇದೇ: "ಕಾಗದ ಸರಿಯಾಗಿದೆ, ಅಬ್ಬಾ ಕೊಟ್ಟು ಹೋದದ್ದು." ಕಾಗದ ಸರಿಯಿರಬಹುದು. ಆದರೆ ಕೊಟ್ಟವರಿಗೆ ಅದು ಸೇರಿತ್ತೇ ಎಂಬುದೇ ಅಲ್ಲಿ ಕೇಳಬೇಕಾದ ಪ್ರಶ್ನೆ.

ಬಂಧುಗಳಿಗೆ ಸಹಿಸಲಾಗಲಿಲ್ಲ. ಮನೆತನದ ಹಿರಿಯಳಾದ ಸೋದರತ್ತೆಯನ್ನು ಮಾತಾಡಲು ಕಳುಹಿಸಿದರು. ಉಮರ್ ಗೌರವದಿಂದ ಬರಮಾಡಿಕೊಂಡು, ಒಂದು ಹೋಲಿಕೆಯ ಮೂಲಕ ವಿವರಿಸಿದರು. ಪ್ರವಾದಿವರ್ಯರು(ಸ) ಜನರಿಗೆಲ್ಲ ಸಮಾನವಾದ ಒಂದು ನದಿಯನ್ನು ಬಿಟ್ಟು ಹೋದರು. ಆಮೇಲೆ ಬಂದವರು ಅದರಿಂದ ತಮ್ಮ ತಮ್ಮ ಕಡೆಗೆ ಕಾಲುವೆ ತೋಡಿಕೊಂಡರು, ನದಿ ಬತ್ತಿತು. ಅದನ್ನು ಮೊದಲಿನಂತೆ ಹರಿಸುವುದೇ ನನ್ನ ಕೆಲಸ ಎಂದರು.

ಗಮನಿಸಿ, ಉಮರ್(ರಹ) ಕಾಲುವೆಗಳನ್ನು ಮುಚ್ಚಿದರೇ ಹೊರತು ತೋಡಿದ ಹಿರಿಯರ ಗೋರಿಗಳನ್ನು ಅಗೆಯಲು ಹೋಗಲಿಲ್ಲ. ಸಹಾಬಿಗಳ ನಡುವೆ ನಡೆದ ಯುದ್ಧಗಳ ಬಗ್ಗೆ ಕೇಳಿದಾಗ, ಆ ರಕ್ತದಿಂದ ಅಲ್ಲಾಹನು ನನ್ನ ಕೈಯನ್ನು ಕಾಪಾಡಿದ್ದಾನೆ, ನಾಲಗೆಯನ್ನು ಅದರಲ್ಲಿ ಅದ್ದಲಾರೆ ಎಂಬರ್ಥದ ಉತ್ತರ ಕೊಟ್ಟರು. ಆದರೆ ಆ ಕಾಲದ ಹಗೆಯ ಒಂದು ತುಂಡು ಅವರ ಕಾಲದಲ್ಲೂ ಜೀವಂತವಿತ್ತು. ಮಿಂಬರುಗಳಿಂದ ಅಲಿ(ರ)ಯವರನ್ನು ನಿಂದಿಸಲಾಗುತ್ತಿತ್ತು. ಅದನ್ನು ನಿಲ್ಲಿಸಿ, ನ್ಯಾಯ, ಒಳಿತು ಮತ್ತು ಬಂಧುಗಳಿಗೆ ಕೊಡುವುದನ್ನು ಆದೇಶಿಸುವ ಅನ್ನಹ್ಲ್ ಸೂರಾದ ಸೂಕ್ತವನ್ನು ಓದಿಸಿದರು. ಪ್ರತಿ ಶುಕ್ರವಾರ ಖುತ್ಬಾದ ಕೊನೆಯಲ್ಲಿ ನೀವು ಕೇಳುವ ಸೂಕ್ತ ಅದುವೇ. ಅದನ್ನು ಕೇಳುವಾಗ ಈ ಚರಿತ್ರೆಯೂ ನೆನಪಾಗಲಿ.

ತನ್ನ ತಪ್ಪಾದರೆ?

ಇದೇ ಉಮರ್ ಬಿನ್ ಅಬ್ದುಲ್ ಅಝೀಝ್(ರಹ) ತಮ್ಮ ಸ್ವಂತ ತಪ್ಪಿನ ವಿಷಯದಲ್ಲಿ ಹೇಗಿದ್ದರು? ಅವರು ಮದೀನಾದ ರಾಜ್ಯಪಾಲರಾಗಿದ್ದಾಗ ಖಲೀಫ ವಲೀದನ ಆಜ್ಞೆಯಂತೆ ಅಬ್ದುಲ್ಲಾಹ್ ಬಿನ್ ಝುಬೈರ್(ರ)ರ ಮಗ ಖುಬೈಬ್‌ರಿಗೆ ಛಡಿಯೇಟು ಹೊಡೆಸಿ, ಚಳಿಯಲ್ಲಿ ತಣ್ಣೀರು ಸುರಿಸಿದ್ದರು. ಖುಬೈಬ್ ಅದರಿಂದ ಮರಣ ಹೊಂದಿದರು. ಆಜ್ಞೆ ಮೇಲಿನವನದು ಎಂದು ಉಮರ್ ಸಮಾಧಾನ ಹೇಳಿಕೊಳ್ಳಬಹುದಿತ್ತು. ಹಾಗೆ ಹೇಳಿಕೊಳ್ಳಲಿಲ್ಲ. ಜೀವನವಿಡೀ ಆ ಕೊರಗು ಅವರನ್ನು ಬಿಡಲಿಲ್ಲ. ಯಾರಾದರೂ ಹೊಗಳಿ ಶುಭವಾರ್ತೆ ಹೇಳಿದರೆ, ಖುಬೈಬ್‌ರ ವಿಷಯದಲ್ಲಿ ನನ್ನ ಗತಿಯೇನು ಎಂದು ಕೇಳುತ್ತಿದ್ದರೆಂದು ವರದಿಯಿದೆ.

ಇಲ್ಲಿದೆ ವ್ಯತ್ಯಾಸ. ಮರ್ವಾನ್‌ನ ಕೃತ್ಯಕ್ಕೆ ಉಮರ್ ಅತ್ತ ವರದಿಯಿಲ್ಲ, ಕೈಯಲ್ಲಿದ್ದ ಸೊತ್ತನ್ನು ಹಿಂದಿರುಗಿಸಿದರು. ಖುಬೈಬ್‌ರ ವಿಷಯದಲ್ಲಿ ಅತ್ತರು, ಏಕೆಂದರೆ ಅಲ್ಲಿದ್ದದ್ದು ಅವರದೇ ಕೈ. ನಮ್ಮಲ್ಲಿ ಇದು ತಲೆಕೆಳಗಾಗಿದೆ. ದೂರದವರ ತಪ್ಪಿಗೆ ಸಂಕಟಪಡುವುದು ಸುಲಭ, ಅದಕ್ಕೆ ಖರ್ಚಿಲ್ಲ. ನಮ್ಮ ಕೈಯಲ್ಲಿರುವ ಇನ್ನೊಬ್ಬರ ಹಕ್ಕಿನ ಬಗ್ಗೆ ಮಾತ್ರ ನಿದ್ದೆ ಚೆನ್ನಾಗಿ ಬರುತ್ತದೆ.

ನಮ್ಮ ಮನೆಯ ಲೆಕ್ಕ

ಹೊಲದ ಪ್ರಶ್ನೆಗೆ ಉತ್ತರ ಈಗ ಸಿಕ್ಕಂತಾಯಿತು. ಉದಾಹರಣೆಗೆ, ದಾದಾ 4 ಎಕರೆ ಬಿಟ್ಟು ಹೋದರೆನ್ನಿ. ಹಕ್ಕುದಾರರು ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು ಮಾತ್ರ. ಶರೀಅತ್ತಿನ ಪ್ರಕಾರ ಮಗನಿಗೆ 2 ಎಕರೆ, ಹೆಣ್ಣುಮಕ್ಕಳಿಗೆ ತಲಾ 1 ಎಕರೆ. ಮಗ ನಾಲ್ಕನ್ನೂ ತನ್ನ ಖಾತೆಗೆ ಮಾಡಿಕೊಂಡ. ಅವನು ತೀರಿದ ಮೇಲೆ ನಾಲ್ಕೂ ಮೊಮ್ಮಗನಿಗೆ ಬಂತು. ತೆಗೆದುಕೊಂಡ ಪಾಪ ಮೊಮ್ಮಗನದಲ್ಲ, ಅದು ಅವನ ತಂದೆಗೂ ಅಲ್ಲಾಹನಿಗೂ ಬಿಟ್ಟ ವಿಷಯ. ಆದರೆ ಆ 4 ಎಕರೆಗಳಲ್ಲಿ 2 ಎಕರೆ ತಂದೆಗೇ ಸೇರಿರಲಿಲ್ಲ. ಸೇರದ್ದು ವಿರಾಸತ್ ಆಗಿ ಬರುವುದೂ ಇಲ್ಲ. ಅದು ಫುಪ್ಪಿಯರ ಅಮಾನತ್. ಇದು ತಿಳಿಯುವವರೆಗೆ ಮೊಮ್ಮಗ ನಿರಪರಾಧಿ. ತಿಳಿದ ಮೇಲೂ ಹಿಡಿದುಕೊಂಡು ಕುಳಿತರೆ, ಆ ದಿನದಿಂದ ಅದು ತಂದೆಯ ತಪ್ಪಲ್ಲ, ಅವನದೇ ತಪ್ಪು.

"ಫುಪ್ಪಿಯೇ ಹಕ್ಕು ಬಿಟ್ಟು ಸಹಿ ಹಾಕಿದ್ದಾರೆ" ಎಂದು ಕೆಲವರು ಹೇಳುತ್ತಾರೆ. ಮನಸಾರೆ ಕೊಟ್ಟದ್ದಾದರೆ ಹಲಾಲ್. ಆದರೆ ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚೀತು ಎಂಬ ಭಯದಿಂದ ಹಾಕಿದ ಸಹಿ ಮನಸಾರೆ ಕೊಟ್ಟದ್ದಲ್ಲ. "ಮದುವೆಗೆ ಖರ್ಚು ಮಾಡಿದ್ದೇವಲ್ಲ" ಎಂಬುದೂ ಉತ್ತರವಲ್ಲ. ಮದುವೆಯಲ್ಲಿ ಕೊಟ್ಟದ್ದು ಉಡುಗೊರೆ, ವಿರಾಸತ್ ಅಲ್ಲಾಹನು ಗೊತ್ತುಪಡಿಸಿದ ಪಾಲು. ಫುಪ್ಪಿ ತೀರಿಹೋಗಿದ್ದರೆ ಅವರ ಹಕ್ಕುದಾರರು ಬದುಕಿದ್ದಾರೆ. ಎರಡು ಮೂರು ತಲೆಮಾರು ದಾಟಿದ್ದರೆ ಪಾಲಿನ ಲೆಕ್ಕ ಕ್ಲಿಷ್ಟವಾಗುತ್ತದೆ, ಬಲ್ಲ ಮುಫ್ತಿಯವರಲ್ಲಿ ಕೂತು ಬರೆಸಿಕೊಳ್ಳಿ. ಒಮ್ಮೆಲೇ ಕೊಡಲಾಗದಿದ್ದರೆ ಬಾಕಿಯೆಂದು ಬರೆದುಕೊಟ್ಟು ಕಂತಿನಲ್ಲಿ ಕೊಡಿ. ಕಸಿದುಕೊಂಡ ಸೊತ್ತಿನ ಒಡೆಯ ಯಾರೆಂದು ಹುಡುಕಿದರೂ ಸಿಗದಿದ್ದರೆ ಅವನ ಪರವಾಗಿ ಬಡವರಿಗೆ ದಾನ ಮಾಡಬೇಕೆಂದು ಉಲಮಾಗಳು ತಿಳಿಸಿದ್ದಾರೆ. ಇಮಾಮ್ ಗಝಾಲಿ(ರಹ) ಇಹ್ಯಾದ ಹಲಾಲ್ ಹರಾಮ್ ಭಾಗದಲ್ಲಿ ಇದನ್ನು ವಿವರವಾಗಿ ಚರ್ಚಿಸಿದ್ದಾರೆ. ಅಬ್ಬಾರ ಹೆಸರಿಗೆ ಕಳಂಕ ಬರುತ್ತದೆಂದು ಹೆದರಬೇಡಿ. ಮಗ ತಂದೆಗೆ ಮಾಡಬಹುದಾದ ದೊಡ್ಡ ಉಪಕಾರ ಅವರು ಉಳಿಸಿ ಹೋದ ಬಾಕಿಯನ್ನು ತೀರಿಸುವುದು.

ಇನ್ನು ಕಾಲೇಜಿನ ಹುಡುಗನ ಪ್ರಶ್ನೆ. ಮಗನೇ, ನೀನು ತಲೆ ತಗ್ಗಿಸಬೇಕಾಗಿಲ್ಲ. ಎಂದೋ ಆಳಿದ ಒಬ್ಬ ಬಾದಶಹನಿಗೂ, ಎಲ್ಲೋ ರಕ್ತ ಹರಿಸಿದ ಒಬ್ಬ ಪಾಪಿಗೂ ನೀನು ಜಾಮೀನು ನಿಂತಿಲ್ಲ. ಆದರೆ ಅವರ ಹೆಸರು ನಮ್ಮ ಹೆಸರಿನಂತಿದೆ ಎಂಬ ಕಾರಣಕ್ಕೆ ಅವರ ಅನ್ಯಾಯವನ್ನು ಸಮರ್ಥಿಸಲೂ ಹೋಗಬೇಡ. ತನ್ನ ಜನರನ್ನು ಪ್ರೀತಿಸುವುದು ಅಸಬಿಯ್ಯತ್ ಅಲ್ಲ, ಅನ್ಯಾಯದಲ್ಲಿ ಅವರಿಗೆ ನೆರವಾಗುವುದೇ ಅಸಬಿಯ್ಯತ್ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಸಮರ್ಥಿಸಿದ ಕ್ಷಣದಿಂದ ಬೇರೆಯವರ ತಪ್ಪಿನಲ್ಲಿ ನಿನಗೂ ಪಾಲು ಬಂತು. ತಪ್ಪನ್ನು ತಪ್ಪೆಂದು ಹೇಳು, ನೊಂದವರ ಜೊತೆ ನಿಲ್ಲು. ಇದನ್ನು ಯಾರದೋ ಒತ್ತಾಯಕ್ಕಲ್ಲ, ನ್ಯಾಯವೆಂದು ಮಾಡು.

ಇದೇ ತಕ್ಕಡಿಯನ್ನು ನಾವೂ ಬಳಸಬೇಕು. ನಮ್ಮ ಮೇಲೆ ಯಾರೋ ಅನ್ಯಾಯ ಮಾಡಿದರೆಂದು ಅವರ ಧರ್ಮದ, ಅವರ ಜಾತಿಯ ಪಕ್ಕದ ಮನೆಯವರನ್ನು ಅನುಮಾನದಿಂದ ನೋಡುವುದು ಜಾಹಿಲಿಯ್ಯತ್ತಿನ ಲೆಕ್ಕವೇ. ಬುಜೈರ್‌ನನ್ನು ಕೊಂದದ್ದು ಅದೇ ಲೆಕ್ಕ. ಒಂದು ಜನಾಂಗದ ಮೇಲಿನ ಹಗೆ ನಿಮ್ಮನ್ನು ನ್ಯಾಯ ಬಿಡುವಂತೆ ಮಾಡಬಾರದೆಂದು ಅಲ್ ಮಾಇದಾ ಸೂರಾ ಎಚ್ಚರಿಸುತ್ತದೆ.

ಕೊನೆಗೆ ಆ ತಾಯಿಗೆ. ನೂಹ್(ಅ) 950 ವರ್ಷ ತಮ್ಮ ಜನರ ನಡುವೆ ಇದ್ದರು, ಆದರೂ ಅವರ ಮಗ ಹಡಗು ಹತ್ತಲಿಲ್ಲ. ಪ್ರವಾದಿಯ ಮನೆಯಲ್ಲೇ ಹೀಗಾಯಿತು. ಸಾಕುವುದು, ಕಲಿಸುವುದು ನಿಮ್ಮ ಹೊಣೆಯಾಗಿತ್ತು. ಅದರಲ್ಲಿ ಕೊರತೆಯಿದ್ದರೆ ಆ ಕೊರತೆಗೆ ತೌಬಾ ಮಾಡಿ, ಅದು ನಿಮ್ಮದು. ಬೆಳೆದ ಮಗ ಬುದ್ಧಿಯಿದ್ದೂ ಆರಿಸಿಕೊಂಡ ದಾರಿ ಅವನದು. ನೂಹ್(ಅ) ಕೊನೆಯ ಗಳಿಗೆಯವರೆಗೂ ಮಗನನ್ನು ಕರೆಯುತ್ತಲೇ ಇದ್ದರು. ನೀವೂ ಕರೆಯುತ್ತಿರಿ, ಬಾಗಿಲು ತೆರೆದಿಡಿ, ದುಆ ಬಿಡಬೇಡಿ.

ಹಿಜರಿ 101ರಲ್ಲಿ ಉಮರ್ ಬಿನ್ ಅಬ್ದುಲ್ ಅಝೀಝ್(ರಹ) ತೀರಿಕೊಂಡರು. ಆಳಿದ್ದು ಎರಡೂವರೆ ವರ್ಷವೂ ತುಂಬಲಿಲ್ಲ. ಸುಮಾರು 30 ವರ್ಷಗಳ ನಂತರ ಅಬ್ಬಾಸಿಗಳು ಉಮವೀ ಆಡಳಿತವನ್ನು ಉರುಳಿಸಿದರು. ಸೇಡು ಮತ್ತೆ ಗೋತ್ರದ ಹೆಸರಿನಲ್ಲಿ ಬಂತು. ಆ ಮನೆತನದವರನ್ನು ಹುಡುಕಿ ಕೊಂದರು, ಉಮವೀ ಖಲೀಫರ ಗೋರಿಗಳನ್ನೂ ಅಗೆದರು. ಆದರೆ ಉಮರ್ ಬಿನ್ ಅಬ್ದುಲ್ ಅಝೀಝ್‌ರ ಗೋರಿಯನ್ನು ಮುಟ್ಟಲಿಲ್ಲ ಎಂದು ಚರಿತ್ರೆ ಹೇಳುತ್ತದೆ. ಅವರೂ ಅದೇ ಮನೆತನದವರು, ಅದೇ ರಕ್ತದವರು. ಸೇಡಿನ ಅಮಲಿನಲ್ಲಿದ್ದವರಿಗೂ ಅವರ ಲೆಕ್ಕ ಬೇರೆಯೆಂದು ತಿಳಿದಿತ್ತು.

ಅಲ್ಲಾಹನು ನಮ್ಮ ಹಿರಿಯರ ತಪ್ಪುಗಳನ್ನು ಕ್ಷಮಿಸಲಿ. ಅವರು ನಮ್ಮ ಕೈಯಲ್ಲಿ ಬಿಟ್ಟು ಹೋದ ಇತರರ ಹಕ್ಕುಗಳನ್ನು ಝುಹರ್‌ಗೆ ಮುಂಚೆಯೇ ಹಿಂದಿರುಗಿಸುವ ತೌಫೀಕನ್ನು ನಮಗೆ ಕರುಣಿಸಲಿ. ನಮ್ಮ ಮಕ್ಕಳು ತೀರಿಸಬೇಕಾದ ಬಾಕಿಯನ್ನು ನಾವು ಉಳಿಸಿ ಹೋಗದಂತೆ ಕಾಪಾಡಲಿ. ಆಮೀನ್.